ಮೂರನೆಯ ಬೀರು

"ಬಾಗಿಲು ತೆಗೀಬೇಡಿ ಅಪ್ಪಾಜಿ. ಎರಡೇ ಬೀರು ಸಾಕು" ಎಂದು ತನುಜಾ ಮತ್ತೆ ಹೇಳಿದಾಗ ಶಿವಶಂಕರಪ್ಪ ಮೇಲಿನ ಕೀಲಿನ ಸ್ಕ್ರೂ ತಿರುಗಿಸುತ್ತಿದ್ದರು. ಕೆಳಗಿನ ಕೀಲು ಆಗಲೇ ಬಿಚ್ಚಿಯಾಗಿತ್ತು.

ಮಲಗುವ ಕೋಣೆಗೆ ಅಂಟಿಕೊಂಡಿದ್ದ ಆ ಪುಟ್ಟ ಕೋಣೆಯನ್ನು ಅಳಿಯ ಮಲ್ಲೇಶ್ ಡ್ರೆಸ್ಸಿಂಗ್ ರೂಮ್ ಎನ್ನುತ್ತಿದ್ದ. ಕಿಟಕಿ ಇಲ್ಲದ, ಬಟ್ಟೆ ಇಡುವುದಕ್ಕೆಂದೇ ಕಟ್ಟಿಸಿದ ಕೋಣೆ. ಅದರೊಳಗೆ ನಿಲ್ಲಿಸಲು ಅವನು ಆನ್‌ಲೈನಿನಲ್ಲಿ ಮೂರು ಅಗ್ಗದ ವಾರ್ಡ್‌ರೋಬ್ ತರಿಸಿದ್ದ. ಅವು ಬಿಡಿ ಹಲಗೆಗಳಾಗಿ ರಟ್ಟಿನ ಡಬ್ಬಗಳಲ್ಲಿ ಬಂದಿದ್ದವು. ಜೋಡಿಸಲು ಯಾರನ್ನೋ ಕರೆಸುವುದಕ್ಕಿಂತ ನೀವೇ ಬನ್ನಿ ಮಾವ ಎಂದು ಅವನು ಫೋನ್ ಮಾಡಿದ್ದರಿಂದ ಶಿವಶಂಕರಪ್ಪ ಬೆಳಗಿನ ಬಸ್ಸಿಗೇ ಕಾಗದನಗರದಿಂದ ನವುಲೆಯ ಮಗಳ ಮನೆಗೆ ಬಂದಿದ್ದರು. ಅಳಿಯ ತಮ್ಮನ್ನು ನೆನೆಸಿಕೊಂಡನಲ್ಲ ಎಂಬ ಸಂತೋಷ ದಾರಿಯುದ್ದಕ್ಕೂ ಇತ್ತು. ಮದುವೆಯಾದಾಗಿನಿಂದ ಅವನು ದನಿ ಎತ್ತಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಬೀರುಗಳು ಒಳಗೆ ನಿಂತವು. ಮೂರನೆಯದು ತಯಾರಾಗಿ ಮಂಚದ ಪಕ್ಕ ಅಡ್ಡ ಮಲಗಿತ್ತು. ಅದನ್ನೂ ಒಳಗಿಟ್ಟರೆ ಒಳಮುಖವಾಗಿ ತೆರೆಯುವ ಬಾಗಿಲಿಗೆ ತಡೆಯಾಗುತ್ತಿತ್ತು. ಮಲ್ಲೇಶ್ ಇದನ್ನೆಲ್ಲ ಮೊದಲೇ ಅಳತೆ ಮಾಡಿದ್ದ. ಬಾಗಿಲು ಕಳಚಿಬಿಡಿ ಮಾವ, ಬಟ್ಟೆ ಇಡೋ ರೂಮಿಗೆ ಬಾಗಿಲು ಯಾಕೆ ಎಂದು ಹೊರಗೆ ಹೊರಡುವಾಗ ಹೇಳಿದ್ದ. ಅವಳು ಬೇಡ ಅಂತಾಳೆ, ನೀವು ಕೇಳಬೇಡಿ ಎಂದೂ ಸೇರಿಸಿದ್ದ. ತನುಜಾ ಹಾಗೆಯೇ ಅಂದಳು. ಮೊದಲು ಧೂಳಿನ ನೆಪ ಹೇಳಿದಳು, ಆಮೇಲೆ ಇಲಿಯದು. ಮೊನ್ನೆ ಮೊನ್ನೆ ಗೃಹಪ್ರವೇಶವಾದ ಮನೆಗೆ ಎಲ್ಲಿಯ ಇಲಿ ಮಾರಾಯ್ತಿ ಎಂದು ಅವರು ನಕ್ಕುಬಿಟ್ಟರು.

ಕಳಚಿದ ಬಾಗಿಲನ್ನು ಮಗಳ ನೆರವಿನಿಂದ ಗೋಡೆಗೆ ಒರಗಿಸಿ, ಸ್ಕ್ರೂಗಳನ್ನು ಮಂಚದ ಮೇಲೆ ಹಾಕಿ, ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುವಾಗ ಚಿಲಕ ಕಣ್ಣಿಗೆ ಬಿತ್ತು. ಅದು ಬಾಗಿಲಿನ ಒಳಮೈಗೆ ಇತ್ತು, ಹೊಸದು. ಅದರ ಸ್ವಲ್ಪ ಮೇಲೆ ಇನ್ನೊಂದು ಚಿಲಕ ಕಿತ್ತುಬಂದ ಜಾಗ; ಮರ ಸಿಬಿರೆದ್ದಿತ್ತು. ಶಿವಶಂಕರಪ್ಪ ಬೆರಳಿನಿಂದ ಆ ಜಾಗವನ್ನು ಸವರಿ ನೋಡಿದರು. ಆಮೇಲೆ ಮೂರನೆಯ ಬೀರು ನಿಲ್ಲಬೇಕಿದ್ದ ಮೂಲೆಯ ಕಡೆಗೆ ತಿರುಗಿದರು. ಅಲ್ಲಿ ಮಡಿಸಿದ ಒಂದು ಕಂಬಳಿ, ನೀರಿನ ಬಾಟಲಿ, ಮೊಬೈಲಿನ ಚಾರ್ಜರ್ ಇದ್ದವು. ಬೆಳಗಿನಿಂದಲೂ ಅವು ಅಲ್ಲೇ ಇದ್ದವು. ಅವರು ಅವನ್ನು ದಾಟಿ ದಾಟಿ ಓಡಾಡಿದ್ದರು.

ಹೊತ್ತಲ್ಲದ ಹೊತ್ತಿನಲ್ಲಿ ಮಗಳಿಂದ ಫೋನ್ ಬರುತ್ತಿದ್ದುದು ನೆನಪಾಯಿತು. ಊಟ ಆಯ್ತಾ, ಅಮ್ಮ ಮಲಗಿದಳಾ ಎಂದು ಪಿಸುದನಿಯಲ್ಲಿ ಕೇಳಿ ಸುಮ್ಮನಾಗುತ್ತಿದ್ದಳು. ಜೋರಾಗಿ ಮಾತಾಡು, ನೆಟ್‌ವರ್ಕ್ ಸರಿಯಿಲ್ಲ ಎಂದು ಅವರೇ ಗದರುತ್ತಿದ್ದರು.

"ಇಲ್ಲಿಂದಾನಾ ಫೋನ್ ಮಾಡ್ತಿದ್ದೆ?"

ತನುಜಾ ಬಾಗಿಲನ್ನೇ ನೋಡುತ್ತಿದ್ದಳು. "ಮೊದ್ಲು ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ ಅಪ್ಪಾಜಿ, ಪಕ್ಕದ ಮನೆಗೆ ಕೇಳಿಸ್ದಿರೋ ಹಾಗೆ. ಅಷ್ಟರಲ್ಲಿ ಒಳಗೆ ಬಂದು ಚಿಲಕ ಹಾಕ್ಕೊಂಡ್ರೆ ಅವತ್ತಿಗೆ ಉಳ್ಕೊಂಡೆ."

ಮುಂದಿನದನ್ನು ಶಿವಶಂಕರಪ್ಪ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ನಾಲ್ಕು ಸೀರೆ ತಗೊಂಡು ಹೊರಡು, ಮಿಕ್ಕಿದ್ದು ಆಮೇಲೆ ನೋಡೋಣ ಎಂದರು. ಅವಳು ಇನ್ನೂ ತಲೆಯಾಡಿಸಿರಲಿಲ್ಲ, ಗೇಟಿನ ಹತ್ತಿರ ಬೈಕ್ ಬಂದು ನಿಂತಿತು.

ಪೆಟ್ಟು ತಿಂದ ಎತ್ತು ಬಾರುಕೋಲು ಕಂಡಾಗ ಮೈಯ ಚರ್ಮ ಅದುರಿಸುವುದನ್ನು ಅವರು ಚಿಕ್ಕಂದಿನಲ್ಲಿ ಹೊಲದಲ್ಲಿ ನೋಡಿದ್ದರು. ಮಗಳ ಕತ್ತು ಹಾಗೆ ಅದುರಿತು. ಅಪ್ಪ ಎದುರಿಗೆ ನಿಂತಿರುವುದೂ ಮರೆತಂತೆ ಅವಳು ಗೋಡೆಗೊರಗಿದ್ದ ಬಾಗಿಲನ್ನು ತಬ್ಬಿ ಎತ್ತಿದಳು, ಎಳೆದುಕೊಂಡೇ ಒಳಗೆ ಹೋದಳು. ಅವರಿಬ್ಬರೂ ಸೇರಿ ಇಳಿಸಲು ಏದುಸಿರು ಬಿಟ್ಟಿದ್ದ ಬಾಗಿಲು ಅದು. ವಾಲಿ ಅವಳ ಮೇಲೇ ಬೀಳುತ್ತದೆಂದು ಶಿವಶಂಕರಪ್ಪ ಒಳಗೆ ನುಗ್ಗಿ ಹಿಡಿದುಕೊಂಡರು. ಇಬ್ಬರೂ ಒಳಗಿನಿಂದ ಅದನ್ನು ಚೌಕಟ್ಟಿಗೆ ಆನಿಸಿದರು. ಬೆಳಕು ಹೋಯಿತು. ಕತ್ತಲೆಯಲ್ಲಿ ತನುಜಾಳ ಕೈ ತಡಕಾಡಿ ಚಿಲಕ ಸರಿಸಿದ ಸದ್ದು ಕೇಳಿಸಿತು. ಕೀಲಿಗೆ ಹಾಕಬೇಕಾದ ಸ್ಕ್ರೂಗಳು ಹೊರಗೆ ಮಂಚದ ಮೇಲಿದ್ದವು.

ನಾನೇಕೆ ಇಲ್ಲಿ ಅವಿತುಕೊಂಡಿದ್ದೇನೆ, ನಾನು ಹೆಣ್ಣು ಕೊಟ್ಟ ಮಾವ, ಹೊರಗೆ ಹೋಗಿ ಎದುರಿಗೆ ನಿಂತು ಕೇಳಬೇಕಾದವನು ಎಂದು ಶಿವಶಂಕರಪ್ಪ ಅಂದುಕೊಂಡರು. ಆದರೆ ಕೈ ತೆಗೆದರೆ ಬಾಗಿಲು ಮಗಳ ಮೇಲೆ ಬೀಳುತ್ತಿತ್ತು. ಹೊಸ ಹಲಗೆಗಳ ಅಂಟಿನ ವಾಸನೆಗೆ ಗಂಟಲು ಕೆರೆಯುತ್ತಿತ್ತು. ಕೆಮ್ಮು ಬಂದರೂ ನುಂಗಿಕೊಂಡರು. ಹಜಾರದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಮಾವ ಎಂದು ಕರೆದ ಸದ್ದಾಯಿತು. ಹೆಜ್ಜೆಗಳು ಮಲಗುವ ಕೋಣೆಗೆ ಬಂದು, ಅಡ್ಡ ಮಲಗಿದ ಬೀರುವನ್ನು ಬಳಸಿ, ಬಾಗಿಲಿನ ಎದುರಿಗೆ ನಿಂತವು.

ಉತ್ತರ ಕೊಡಲು ಬಾಯಿ ತೆರೆದ ಅಪ್ಪನ ಬಾಯಿಯನ್ನು ತನುಜಾ ಅಂಗೈಯಿಂದ ಮುಚ್ಚಿದಳು.

"ಮಾವ, ಅದು ಭಾರ ಇದೆ" ಎಂದ ಮಲ್ಲೇಶ್ ಹೊರಗಿನಿಂದ, ಎಂದಿನ ಮೆಲುದನಿಯಲ್ಲಿ. "ನಿಮಗಾಗಲ್ಲ. ಬಿಡಿ, ನಾನು ಹಿಡ್ಕೋತೀನಿ."