ಆರನೆಯ ಮೋಟರು

ಎರಡನೆಯ ಸಲವೂ ಬ್ರೇಕರ್ ಢಬ್ಬೆಂದು ಟ್ರಿಪ್ ಆಗಿ ಲೈನಿನ ಕರೆಂಟು ಕಡಿಯಿತು. ಸಬ್‌ಸ್ಟೇಷನ್ನಿನ ಹೊಣೆಯನ್ನು ಅವಳು ಒಬ್ಬಳೇ ಹೊತ್ತ ಮೊದಲ ದಿನ. ಮಟಮಟ ಮಧ್ಯಾಹ್ನ ಅರ್ಧ ಊರು ಕರೆಂಟಿಲ್ಲದೆ ಬೆವರುತ್ತಿತ್ತು. ಲೈನಿಗೆ ಕರೆಂಟು ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ವೋಲ್ಟೇಜ್ ಮೀಟರಿನ ಮುಳ್ಳು ಕುಸಿದು, ಲೈನು ಮತ್ತೆ ಸಾಯುತ್ತಿತ್ತು.

ಫೋನಿನಲ್ಲಿ ಎಂಜಿನಿಯರ್ ಕೂಗಾಡಿದರು. "ಇನ್ನೊಂದ್ಸಲ ಹಾಕಮ್ಮ! ಆಸ್ಪತ್ರೆ ಜನರೇಟರಿಗೆ ಇನ್ನು ಅರ್ಧ ಗಂಟೆಗಷ್ಟೇ ಡೀಸೆಲ್ ಇದೆಯಂತೆ."

"ಸರ್, ಮೂರನೇ ಸಲಾನೂ ಟ್ರಿಪ್ ಆದ್ರೆ ಬ್ರೇಕರ್ ಲಾಕ್ ಆಗುತ್ತೆ. ನೀವು ಬಂದು ಬಿಡಿಸೋವರೆಗೂ ಏನೂ ಮಾಡೋಕಾಗಲ್ಲ. ಹತ್ತು ನಿಮಿಷ ಕೊಡಿ."

"ಆಮೇಲೆ ಏನಾದ್ರೂ ನಿನ್ನ ತಲೆ ಮೇಲೆ" ಎಂದು ಅವರು ಫೋನಿಟ್ಟರು.

ತೊಂದರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಹೇಳಲು ಭಯ. ಅದೇ ಲೈನಿನ ತುದಿಯಲ್ಲಿರುವ ನೀರಿನ ಪಂಪ್‌ಹೌಸ್ ನೋಡಿಕೊಳ್ಳುವವಳು ಅವಳ ಅಕ್ಕ. ತನ್ನ ಟ್ಯಾಂಕು ಒಂದು ದಿನವೂ ಒಣಗಿಲ್ಲವೆಂಬ ಜಂಬ ಅಕ್ಕನಿಗೆ. ಅದಕ್ಕೇ ಆರು ದೊಡ್ಡ ಮೋಟರುಗಳನ್ನೂ ಸದಾ ಆಟೋದಲ್ಲೇ ಇಟ್ಟಿರುತ್ತಿದ್ದಳು. ಕರೆಂಟು ಬಂದರೆ ಸಾಕು, ಆರೂ ತಾವೇ ಒಟ್ಟಿಗೆ ಹೊರಡುತ್ತವೆ. ಹೊರಡುವಾಗ ಒಂದೊಂದು ಮೋಟರೂ ಓಡುವಾಗಿನದಕ್ಕಿಂತ ಆರು ಪಟ್ಟು ಕರೆಂಟು ಎಳೆಯುತ್ತದೆ. ಯಾವ ಲೈನು ತಡೆದೀತು? ಆದರೆ ಅಕ್ಕನ ಮುಂದೆ ಮನೆಯಲ್ಲಿ ಅಪ್ಪನೇ ಉಸಿರೆತ್ತುವುದಿಲ್ಲ, ಇನ್ನು ಇವಳ ಪಾಡೇನು!

ಆದರೂ ಅಕ್ಕನಿಗೆ ಫೋನು ಮಾಡಿದಳು. "ಅಕ್ಕಾ, ಆರು ಮೋಟರನ್ನೂ ಆಫ್ ಮಾಡು."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಲೈನ್ ಉಳಿಸ್ಕೊಳ್ಳೋಕೆ ನಿನಗೆ ಬರ್ದೇ, ನನ್ನ ಮೋಟರ್ ಮೇಲೆ ಹಾಕ್ತೀಯೇನೇ?"

"ಬೈಯೋದಿದ್ರೆ ಸಂಜೆ ಬೈ. ಈಗ ಆಫ್ ಮಾಡು. ಆಮೇಲೆ ನಾನು ಹೇಳಿದಾಗ ಒಂದೊಂದೇ ಹಾಕು. ಹೇಳೋವರೆಗೂ ಒಂದನ್ನೂ ಮುಟ್ಬೇಡ."

ಹುಟ್ಟಿದಾಗಿನಿಂದ ಅವಳು ಅಕ್ಕನಿಗೆ ಹೀಗೆ ಹೇಳಿದ್ದು ಇದೇ ಮೊದಲು. ಆ ಕಡೆ ಚಪ್ಪಲಿ ಸರಿದಾಡಿದ್ದು ಕೇಳಿಸಿತು, ಟಕ್ ಟಕ್ ಎಂದು ಆರು ಸ್ವಿಚ್ಚು ತಿರುಗಿದ್ದೂ ಕೇಳಿಸಿತು.

ಅವಳು ಬ್ರೇಕರ್ ಹಾಕಿದಳು. ಮುಳ್ಳು ನಡುಗಿತು, ನಿಂತಿತು. ಆಸ್ಪತ್ರೆಗೆ ಕರೆಂಟು ಬಂತು. ಖುಷಿಗೆ ಕಣ್ಣು ತುಂಬಿದರೂ ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ.

"ಒಂದು ಹಾಕು ಅಕ್ಕಾ." ಮುಳ್ಳು ತಗ್ಗಿತು, ಮೆಲ್ಲಗೆ ಮೇಲೆದ್ದಿತು. ಅದು ನಿಂತ ಮೇಲೆ ಎರಡು. ಮತ್ತೆ ಕಾದು ಮೂರು. ನಾಲ್ಕು. ಐದಕ್ಕೆ ಮುಳ್ಳು ಬಹಳ ಕೆಳಗಿಳಿಯಿತು, ಏಳಲೊಲ್ಲದು. ಅವಳು ಮುಳ್ಳಿನ ಮೇಲೇ ಕಣ್ಣು ನೆಟ್ಟು ಕಾದಳು.

ಅಷ್ಟರಲ್ಲಿ ಫೋನಿನೊಳಗಿಂದ ಗಂಡು ದನಿಯೊಂದು ಗುಡುಗಿತು. ಪಂಪ್‌ಹೌಸಿಗೆ ಓಡಿಬಂದಿದ್ದ ಅಕ್ಕನ ಮೇಲಧಿಕಾರಿ. "ಐದು ಹಾಕಿದ್ದಾಯ್ತಲ್ಲ, ಇನ್ನೇನು ಕಾಯ್ತಿದ್ದೀರಿ? ಸರೀರಿ, ಆರನೇದು ನಾನೇ ಹಾಕ್ತೀನಿ!"

ಮುಳ್ಳು ಏಳುವ ಮೊದಲೇ ಅದನ್ನು ಹಾಕಿದರೆ ಆಸ್ಪತ್ರೆಯೂ ಸೇರಿ ಎಲ್ಲವೂ ಹೋದಂತೆಯೇ. ಬೇಡವೆಂದು ಕೂಗಲು ಅವಳು ಬಾಯಿ ತೆರೆಯುವ ಮೊದಲೇ, ಐದು ಮೋಟರುಗಳ ಗದ್ದಲವನ್ನೂ ಮೀರಿ ಅಕ್ಕನ ದನಿ ಕೇಳಿಸಿತು:

"ಕೈ ತೆಗೀರಿ ಸಾಹೇಬ್ರೇ. ನನ್ನ ತಂಗಿ ಇನ್ನೂ ಹೇಳಿಲ್ಲ."