ಅಕ್ಕನ ಆಪರೇಷನ್ ನಿದ್ದೆ

"ಇಡೀ ಗದಗ ಜಿಲ್ಲಾದ ನಿದ್ದೀನ ಒಂದ ಕಿರುಬೆರಳಿಂದ ದಾಟಿಸೇನ್ರಿ, ಒಂದು ಆಕಳಿಕಿನೂ ಚೆಲ್ಲಿಲ್ಲ!" ಎಂದು ಗುರುಸಿದ್ಧ, ಆಸ್ಪತ್ರೆಯ ಫ್ಯಾನೂ ನಿಂತು ಕೇಳುವ ಹಾಗೆ, ನರ್ಸಿನ ಮುಂದೆ ಬಡಾಯಿ ಕೊಚ್ಚುತ್ತಿದ್ದ.

ಆಪರೇಷನ್ನಿಗೆ ಬೇಕಾದ ನಿದ್ದೆಯನ್ನು ರೋಗಿಯೇ ತರಬೇಕು. ಅದು ನಿದ್ದೆ ಕೂಡಿಡುವ ಆ್ಯಪಿನಲ್ಲಿದ್ದರೆ ನಡೆಯದು, ಸ್ವಂತ ವ್ಯಾಲೆಟ್ಟಿಗೆ ಬಂದಿರಬೇಕು. ಅಕ್ಕ ನೀಲವ್ವ ಮೂರು ವರ್ಷ ರೊಟ್ಟಿ ಬಡಿಯುತ್ತ, ಕಣ್ಣು ಉರಿದರೂ ಮಲಗದೆ ಉಳಿಸಿದ್ದ ನಲವತ್ತು ತಾಸಿನ ನಿದ್ದೆಯನ್ನು ಬೆಳಿಗ್ಗೆ ಆ್ಯಪಿನಿಂದ ಅವಳ ವ್ಯಾಲೆಟ್ಟಿಗೆಂದು ಅವನೇ ದಾಟಿಸಿದ್ದ.

ನರ್ಸ್ ಅಕ್ಕನ ಫೋನ್ ನೋಡಿದಳು. "ನೀಲವ್ವಾರ, ವ್ಯಾಲೆಟ್ ಖಾಲಿ ಐತಲ್ರಿ."

"ನೆಟ್‌ವರ್ಕಿಗೂ ನಿದ್ದಿ ಹತ್ತಿರಬೇಕ್ರಿ," ಎಂದು ಗುರುಸಿದ್ಧ ನಕ್ಕ.

ನೀಲವ್ವ ನಗಲಿಲ್ಲ. "ಮೊದಲ ಒಂದು ಕೋಳಿನಿದ್ದಿ ಕಳಿಸಿ, ಮುಟ್ಟೇತೋ ಇಲ್ಲೋ ನೋಡಿದ್ಯೇನೋ?"

ಹಾಗೆ ನೋಡದೆ ದೊಡ್ಡ ನಿದ್ದೆಯನ್ನು ಊರಿನ ಸಣ್ಣ ಮಕ್ಕಳೂ ಕಳಿಸುತ್ತಿರಲಿಲ್ಲ.

"ನನ್ನಂಥಾವಗ ಕೋಳಿನಿದ್ದಿ ಯಾಕಬೇ..."

ಅಕ್ಕನ ಕೆಂಪು ಕಣ್ಣುಗಳು ಅವನ ಮುಖ ಬಿಟ್ಟು ಕದಲಲಿಲ್ಲ. ಅವನ ತಲೆ ತಾನಾಗಿ ಬಾಗಿತು.

"ನೋಡ್ಲಿಲ್ಲಕ್ಕಾ. ನಾ ಯಾರ ನಿದ್ದೀನೂ ದಾಟಿಸಿದಾವಲ್ಲ, ಇದ ಮೊದಲು. ವ್ಯಾಲೆಟ್ ವಿಳಾಸದಾಗ ಒಂದಕ್ಷರ ತಪ್ಪಿ ಯಾರಿಗೋ ಹೋತು, ವಾಪಸ್ ಬರೂದಿಲ್ಲ. ಬೆಳಿಗ್ಗೇನ ಗೊತ್ತಾಗಿತ್ತು. ಹೇಳಾಕ ನಾಚಿಕ್ಯಾಗಿ ಇಷ್ಟೊತ್ತು ಬಡಾಯಿ ಹೊಡಕೋತ ಕುಂತಿದ್ದೆ."