ಒಂದೇ ಕೋಣೆ

"ಕೋಣೆ ಎಷ್ಟು?" ಬಡವರ ಪಟ್ಟಿ ಮಾಡಲು ಬಂದ ಗಣತಿಯವನು ಕೇಳಿದ. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಮುದುಕಿ, "ಇರೋದೊಂದೇ" ಎಂದಳು.

"ಆ ಪರದೆ ಆಚೆ?"

"ಬಾಣಂತಿ ಸೊಸೆ ಮಲಗಿದ್ದಾಳಪ್ಪ. ಮರೆ ಬೇಕಲ್ಲ, ಅದಕ್ಕೆ ಹಳೇ ಬೆಡ್‌ಶೀಟು ಕಟ್ಟಿದ್ದೀನಿ."

"ಹಾಗಾದ್ರೆ ಎರಡಾಯ್ತಮ್ಮ. ಎರಡು ಕೋಣೆ ಇದ್ದೋರನ್ನ ಬಡವರು ಅಂತ ಬರೆಯೋ ಹಾಗಿಲ್ಲ. ನನ್ನ ಕೈಲೇನಿಲ್ಲ."

ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಮನೆಯ ಅನ್ನಕ್ಕೇ ಕಲ್ಲು. ಮುದುಕಿ ಎದ್ದುಹೋಗಿ ಬೆಡ್‌ಶೀಟನ್ನು ಸರ್ರನೆ ಎಳೆದಳು. ಮಗುವಿಗೆ ಹಾಲೂಡಿಸುತ್ತಿದ್ದ ಸೊಸೆ ಬೆಚ್ಚಿಬಿದ್ದು, ಸೆರಗು ಕೈಗೆ ಸಿಗದೆ, ಗೋಡೆಗೆ ತಿರುಗಿ ಮುದುಡಿಕೊಂಡಳು. ಗಣತಿಯವನು ತಲೆ ತಗ್ಗಿಸಿ 'ಒಂದು' ಎಂದು ಬರೆದುಕೊಂಡ.

ಅವನು ಹೋದಮೇಲೆ ಮುದುಕಿ ಬೆಡ್‌ಶೀಟನ್ನು ಮತ್ತೆ ಕಟ್ಟಿದಳು. "ಆಯ್ತು ಮಗಳೇ, ಈ ಕಡೆ ತಿರುಗು" ಎಂದು ಎರಡು ಸಲ ಕರೆದಳು. ಸೊಸೆ ತಿರುಗಲಿಲ್ಲ.